‘ಹೋಲ್ಡ್’ ಎಂದರೆ ಹಿಡಿಯುವುದೇ, ಹೊಂದಿರುವುದೇ?

ಮಡಿಕೇರಿಯಿಂದ ಮೂರ್ನಾಡು ಮಾರ್ಗವಾಗಿ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ‘ಹೋಲ್ಡಾನ್’ ಎಂದು ಕೂಗಿದರೆ ಚಾಲಕ ಬ್ರೇಕು ಒತ್ತುತ್ತಾನೆ; ‘ರೈಟ್’ ಎಂದರೆ ಬಸ್ಸು ಹೊರಡುತ್ತದೆ. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದವರಿಗೂ ಈ ಎರಡು ಮಾತುಗಳ ಅರ್ಥ ಗೊತ್ತು. ಆದರೆ ಘಟ್ಟದ ತಿರುವಿನಲ್ಲಿ ಕಂಬಿಗೆ ಜೋತುಬಿದ್ದು ನಿಂತವನಿಗೆ ಇಂಗ್ಲಿಷಿನವನೊಬ್ಬ ‘ಹೋಲ್ಡಾನ್’ ಎಂದರೆ ಅದು ‘ನಿಲ್ಲಿಸು’ ಎಂಬ ಆಜ್ಞೆಯಲ್ಲ, ‘ಗಟ್ಟಿಯಾಗಿ ಹಿಡಿದುಕೊಳ್ಳಿ’ ಎಂಬ ಎಚ್ಚರಿಕೆ. ಒಂದೇ ಮಾತು, ಒಬ್ಬನಿಗೆ ನಿಲುಗಡೆ, ಇನ್ನೊಬ್ಬನಿಗೆ ಆಧಾರ.

‘ಹೋಲ್ಡ್’ ಎಂಬ ಈ ಪುಟ್ಟ ಕ್ರಿಯಾಪದ ಕನ್ನಡಿಗರ ಮನೆಗೆ ಹಲವು ಬಾಗಿಲುಗಳಿಂದ ನುಗ್ಗಿದೆ. ರೈಲು ಪ್ರಯಾಣಕ್ಕೆ ಹಾಸಿಗೆ ಸುತ್ತಿ ಒಯ್ಯುತ್ತಿದ್ದ ಹೋಲ್ಡಾಲ್ ಈಗ ಅಟ್ಟ ಸೇರಿದೆ. ಕಂಪೆನಿಯ ಷೇರು ಕೊಂಡವನು ಷೇರುಹೋಲ್ಡರ್. ದೂರವಾಣಿಯಲ್ಲಿ ‘ಸ್ವಲ್ಪ ಹೋಲ್ಡ್ ಮಾಡಿ’ ಎಂದವರು ಐದು ನಿಮಿಷ ಸಂಗೀತ ಕೇಳಿಸುತ್ತಾರೆ. ಪರೀಕ್ಷಾ ಫಲಿತಾಂಶ ‘ತಡೆಹಿಡಿಯಲಾಗಿದೆ’ ಎಂದು ಓದುವಾಗ ಅದರ ಹಿಂದೆ ಇಂಗ್ಲಿಷಿನ ‘ವಿತ್‌ಹೋಲ್ಡ್’ ನಿಂತಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ‘ತಡೆಹಿಡಿ’ ಅಷ್ಟು ಸಹಜವಾಗಿ ಕನ್ನಡವಾಗಿಬಿಟ್ಟಿದೆ. ಇವೆಲ್ಲ ನಿರುಪದ್ರವಿ ಬಳಕೆಗಳು. ಆದರೆ ಕೊಡಗಿನಲ್ಲಿ ಇದೇ ಕ್ರಿಯಾಪದ ಜನರ ಗದ್ದೆ, ಕಾಡು ಮತ್ತು ಕೋವಿಗಳ ಜೊತೆ ಗಂಟುಹಾಕಿಕೊಂಡಿದೆ. ‘ಹೋಲ್ಡ್’ ಎಂದರೆ ಬರಿಯ ಹಿಡಿದುಕೊಂಡಿರುವುದೋ ಅಥವಾ ಒಡೆತನವೋ ಎಂಬ ಪ್ರಶ್ನೆ ಅಲ್ಲಿ ವ್ಯಾಕರಣ ಪಾಠದ್ದಲ್ಲ, ಕಂದಾಯ ಕಚೇರಿಯದು.

ಮೊದಲು ಪದದ ಹುಟ್ಟನ್ನು ನೋಡಬಹುದು. ಹಳೆಯ ಇಂಗ್ಲಿಷಿನ ‘ಹೀಲ್ಡನ್’ ಇದರ ಪೂರ್ವರೂಪ. ಜರ್ಮನ್ ಭಾಷೆಯ ‘ಹಾಲ್ಟೆನ್’ ಇದರ ಸೋದರ. ಕಾವಲುಗಾರನು ಕೋವಿ ಎತ್ತಿ ‘ಹಾಲ್ಟ್’ ಎನ್ನುವುದೂ, ಹಳ್ಳಿಗೆ ಸಂಜೆ ಬಂದು ಬೆಳಿಗ್ಗೆ ಹೊರಡುವ ‘ನೈಟ್ ಹಾಲ್ಟ್’ ಬಸ್ಸೂ ಈ ಜರ್ಮನ್ ಕವಲಿನವೇ. ಕಂಡಕ್ಟರಿನ ‘ಹೋಲ್ಡಾನ್’ ಮತ್ತು ರಾತ್ರಿ ಬಸ್ಸಿನ ‘ಹಾಲ್ಟ್’ ಹೀಗೆ ದಾಯಾದಿಗಳು. ಇನ್ನೂ ಹಿಂದಕ್ಕೆ ಹೋದರೆ, ಸುಮಾರು 1600 ವರ್ಷಗಳ ಹಿಂದಿನ ಗಾಥಿಕ್ ಭಾಷೆಯ ಬೈಬಲಿನಲ್ಲಿ ಹಂದಿ ಕಾಯುವವರ ಪ್ರಸಂಗ ಬರುವಲ್ಲಿ ‘ಕಾಯು’ ಎಂಬುದಕ್ಕೆ ಬಳಕೆಯಾಗಿರುವುದು ಇದೇ ಧಾತು. ಜಾನುವಾರುಗಳನ್ನು ಮೇಯಿಸುವುದು, ಅವು ಚದುರದಂತೆ ನೋಡಿಕೊಳ್ಳುವುದು ಈ ಪದದ ಮೂಲಾರ್ಥ ಎಂದು ನಿಘಂಟುಕಾರರು ಹೇಳುತ್ತಾರೆ. ಮಂದೆಯನ್ನು ಕಾಯುವುದರಿಂದ ಇಟ್ಟುಕೊಳ್ಳುವುದಕ್ಕೆ, ಇಟ್ಟುಕೊಳ್ಳುವುದರಿಂದ ಕೈಯಲ್ಲಿ ಹಿಡಿಯುವುದಕ್ಕೆ ಅರ್ಥ ಸಾಗಿತು. ದನ ಮೇಯಿಸುವುದು ಎಂಬ ಈ ಹಳೆಯ ಅರ್ಥವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕೊಡಗಿನ ಬಾಣೆಯ ಮಾತು ಬಂದಾಗ ಅದು ಕೆಲಸಕ್ಕೆ ಬರುತ್ತದೆ.

ಶಾಲೆಯ ಇಂಗ್ಲಿಷ್-ಕನ್ನಡ ನಿಘಂಟು ‘ಹೋಲ್ಡ್’ ಎಂದರೆ ‘ಹಿಡಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ತಪ್ಪಲ್ಲ, ಆದರೆ ಅರ್ಧ ಮಾತ್ರ ನಿಜ. ‘ಹಿಡಿ’ ಹಳಗನ್ನಡದ ‘ಪಿಡಿ’. ತಮಿಳು, ಮಲಯಾಳಗಳಲ್ಲೂ ‘ಪಿಡಿ’ಯೇ. ಕೊಡವ ತಕ್ಕಿನಲ್ಲಿ ಅದು ‘ಪುಡಿ’ ಆಗುತ್ತದೆ. ಪ, ಬ, ಮ ಮೊದಲಾದ ತುಟಿಯ ವ್ಯಂಜನದ ಪಕ್ಕದ ಇಕಾರ ಉಕಾರವಾಗುವುದು ಆ ಭಾಷೆಯ ಜಾಯಮಾನ. ‘ಪುಡಿ’ ಎಂದು ಕೇಳಿದ ಬಯಲುಸೀಮೆಯವರು ಮೆಣಸಿನಪುಡಿಯನ್ನು ನೆನೆದರೆ ಅದು ಅವರ ತಪ್ಪಲ್ಲ.

ಈ ‘ಹಿಡಿ’ಯ ಸಂಸಾರ ದೊಡ್ಡದು. ಜ್ವರ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಮನುಷ್ಯ ಮೀನು ಹಿಡಿಯುತ್ತಾನೆ, ಬಸ್ಸು ಹಿಡಿಯುತ್ತಾನೆ, ಹಟ ಹಿಡಿಯುತ್ತಾನೆ, ಕೊನೆಗೆ ಹಾಸಿಗೆ ಹಿಡಿಯುತ್ತಾನೆ. ಕೊಡಗಿನಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವುದು ಯಾವಾಗಲೋ. ಕೈಯೊಳಗೆ ಹಿಡಿಸುವಷ್ಟು ಅಕ್ಕಿ ಒಂದು ಹಿಡಿ. ಮನಸ್ಸಿಗೆ ಒಪ್ಪಿದರೆ ‘ಹಿಡಿಸಿತು’. ಇವುಗಳಲ್ಲಿ ಬಹುಪಾಲು ಇಂಗ್ಲಿಷಿನ ‘ಹೋಲ್ಡ್’ಗೆ ಸಲ್ಲುವುದಿಲ್ಲ, ಅವಕ್ಕೆ ‘ಕ್ಯಾಚ್’, ‘ಟೇಕ್’, ‘ಸೀಜ್’ ಬೇಕು. ಕನ್ನಡದ ‘ಹಿಡಿ’ ಮುಖ್ಯವಾಗಿ ಒಂದು ಕ್ಷಣದ ಕ್ರಿಯೆ: ಇಲ್ಲದ್ದು ಕೈಗೆ ಬರುವುದು. ಇಂಗ್ಲಿಷಿನ ‘ಹೋಲ್ಡ್’ ಒಂದು ಸ್ಥಿತಿ: ಕೈಗೆ ಬಂದದ್ದು ಕೈ ಬಿಟ್ಟುಹೋಗದಂತೆ ಇರುವುದು. ಕನ್ನಡದಲ್ಲಿ ಆ ಅರ್ಥ ಬರಬೇಕಾದರೆ ‘ಕೊಳ್ಳು’ ಸೇರಿಸಿ ‘ಹಿಡಿದುಕೊ’ ಎನ್ನಬೇಕು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಕೊಡಗಿನವರೇ ಆದ ಒಬ್ಬ ಸೇನಾನಿಯ ಉದಾಹರಣೆ ಸಾಕು. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದಲ್ಲಿ ಮೇಜರ್ ಜನರಲ್ ಆಗಿದ್ದರು. ಶತ್ರುಗಳು ಲೇಹ್ ಪಟ್ಟಣದತ್ತ ಬರುತ್ತಿದ್ದಾಗ, ಆ ವರ್ಷದ ಮೇ 24ರಂದು, ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಚಲಾಯಿಸಿದ ಡಕೋಟ ವಿಮಾನದಲ್ಲಿ ತಿಮ್ಮಯ್ಯನವರು ಅಲ್ಲಿ ಇಳಿದರು. ಸುಮಾರು 11,000 ಅಡಿ ಎತ್ತರದಲ್ಲಿ, ಆಗಷ್ಟೇ ಹದಗೊಳಿಸಿದ್ದ ಮಣ್ಣಿನ ಹಾದಿಯ ಮೇಲೆ ಇಳಿದ ವಿಮಾನ ಅದು. ಲೇಹ್ ಉಳಿಯಿತು. ಇಂಗ್ಲಿಷಿನಲ್ಲಿ ಇದನ್ನು ಹೇಳುವುದು ‘ಹೋಲ್ಡ್’ ಎಂಬ ಒಂದೇ ಕ್ರಿಯಾಪದದಿಂದ. ಅದನ್ನೇ ಕನ್ನಡಕ್ಕೆ ತರುವ ಅವಸರದಲ್ಲಿ ‘ಭಾರತದ ಸೇನೆ ಲೇಹ್ ಹಿಡಿಯಿತು’ ಎಂದರೆ, ಪಟ್ಟಣ ಮೊದಲು ಶತ್ರುವಿನದಾಗಿತ್ತು ಎಂದಾಗಿಬಿಡುತ್ತದೆ. ಇತಿಹಾಸವೇ ತಲೆಕೆಳಗು. ‘ಕೈಬಿಡದೆ ಕಾಯಿತು’ ಎಂದರೆ ಸರಿ. ಪದದ ಹುಟ್ಟಿನಲ್ಲಿದ್ದ ‘ಕಾಯು’ ಎಂಬ ಅರ್ಥವೇ ಇಲ್ಲಿ ಮರಳಿ ಬರುತ್ತದೆ.

ಸಭೆಯನ್ನು ‘ಹೋಲ್ಡ್’ ಮಾಡಿದರೆ ಕನ್ನಡದಲ್ಲಿ ಅದು ನಡೆಸುವುದು, ಉಸಿರನ್ನಾದರೆ ಬಿಗಿಹಿಡಿಯುವುದು, ಅಭಿಪ್ರಾಯವನ್ನಾದರೆ ತಳೆಯುವುದು. ಇಷ್ಟು ಬಗೆಯ ಮಾತುಗಳು ಇದ್ದರೂ ಈಚಿನ ಸರಕಾರಿ ಕನ್ನಡ ‘ಹೊಂದಿರು’ ಎಂಬ ಒಂದನ್ನೇ ಎಲ್ಲಕ್ಕೂ ಹಚ್ಚುತ್ತಿದೆ. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂಬ ವಾಕ್ಯ ಪತ್ರಿಕೆಗಳಲ್ಲೂ ಕಾಣುತ್ತದೆ. ಮಕ್ಕಳು ಇರುತ್ತಾರೆ, ಅವರನ್ನು ಯಾರೂ ಹೊಂದುವುದಿಲ್ಲ. ಇರಲಿ.

ಹೋಲ್ಡ್ ಮತ್ತು ಹಿಡಿ ನಿಜವಾಗಿ ಕೈಕುಲುಕುವುದು ಭೂಮಿಯ ವಿಷಯದಲ್ಲಿ. ಇಂಗ್ಲಿಷಿನ ‘ಹೋಲ್ಡಿಂಗ್’ ಎಂಬುದಕ್ಕೆ ಕನ್ನಡದ ಮಾತು ‘ಹಿಡುವಳಿ’. ಹಿಡಿ ಎಂಬುದರಿಂದಲೇ ಅದು ಬಂದಿರುವುದು. ಬೇರೆ ಭಾಷೆಗಳನ್ನು ನೋಡಿದರೂ ಇದೇ ಕಥೆ. ಲ್ಯಾಟಿನ್ನಿನಲ್ಲಿ ‘ತೆನೆರೆ’ ಎಂದರೆ ಹಿಡಿದಿರುವುದು. ಫ್ರೆಂಚಿನ ಮೂಲಕ ಅದರಿಂದ ಬಂದವು ಇಂಗ್ಲಿಷಿನ ‘ಟೆನೆಂಟ್’, ‘ಟೆನ್ಯೂರ್’. ಒಬ್ಬರ ಸ್ಥಾನವನ್ನು ಹಿಡಿದಿರುವವನು ‘ಲೆಫ್ಟಿನೆಂಟ್’. 1810ರ ದಶಕದಲ್ಲಿ ಕೊಡಗನ್ನು ಅಳೆದು ವರದಿ ಬರೆದ ಕಾನರ್ ಎಂಬ ಅಧಿಕಾರಿಯ ಹುದ್ದೆಯೂ ಅದೇ. ಪಾರಸಿಯ ‘ದಾರ’ ಪ್ರತ್ಯಯದ ಅರ್ಥವೂ ಹಿಡಿದಿರುವವನು ಎಂದೇ: ಜಮೀನುದಾರ, ಸುಬೇದಾರ, ಹುದ್ದೇದಾರ. ಸಂಸ್ಕೃತದ ‘ಧೃ’ ಧಾತು ಇದರ ಸಂಬಂಧಿ; ನಮ್ಮನ್ನೆಲ್ಲ ಹೊತ್ತಿರುವುದರಿಂದ ಭೂಮಿ ‘ಧರಣಿ’. ಅರಬ್ಬಿಯ ‘ಕಬ್ಜ’ ಎಂದರೆ ಮುಷ್ಟಿಯಲ್ಲಿ ಹಿಡಿಯುವುದು. ಪಹಣಿಯ ಕಾಲಮ್ಮಿನಲ್ಲಿ ‘ಕಬ್ಜೆದಾರ’ ಗೌರವಸ್ಥ. ಆದರೆ ಪತ್ರಿಕೆಯ ಶೀರ್ಷಿಕೆಯಲ್ಲಿ ‘ಕಬ್ಜ’ ಎಂದರೆ ಒತ್ತುವರಿ. ಹಕೀಮರ ‘ಕಬ್ಜ್’ ಮಲಬದ್ಧತೆ. ಹೊರಗೆ ಬಿಡದಿರುವುದು ಮೂರಕ್ಕೂ ಸಮಾನ.

ಜಗತ್ತಿನ ಭಾಷೆಗಳೆಲ್ಲ ಭೂಮಿಯನ್ನು ಕುರಿತು ‘ಹಿಡಿ’ ಎನ್ನುವುದೇಕೆ? ಇಂಗ್ಲೆಂಡಿನ ಮಟ್ಟಿಗೆ ಉತ್ತರ ಸ್ಪಷ್ಟ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದಮೇಲೆ ನೆಲವೆಲ್ಲ ಅರಸನದು ಎಂಬ ತತ್ವ ನೆಲೆಯೂರಿತು. ಉಳಿದವರು ಅರಸನಿಂದ, ಅಥವಾ ಅರಸನಿಂದ ಪಡೆದ ಇನ್ನೊಬ್ಬನಿಂದ, ಭೂಮಿಯನ್ನು ‘ಹಿಡಿದವರು’ ಮಾತ್ರ. ಹಿಡಿದದ್ದಕ್ಕೆ ಪ್ರತಿಯಾಗಿ ಕೆಲವರು ಯುದ್ಧಕ್ಕೆ ಬರಬೇಕು, ಕೆಲವರು ದವಸ ಕೊಡಬೇಕು. ಆದ್ದರಿಂದ ಇಂಗ್ಲಿಷ್ ಕಾನೂನಿನ ‘ಹೋಲ್ಡ್’ ಎಂಬ ಪದದೊಳಗೆ ಎರಡು ಪ್ರಶ್ನೆಗಳು ಅಡಗಿವೆ: ಯಾರಿಂದ ಹಿಡಿದದ್ದು? ಯಾವ ಕರ್ತವ್ಯಕ್ಕೆ ಪ್ರತಿಯಾಗಿ ಹಿಡಿದದ್ದು?

ಬ್ರಿಟಿಷ್ ಅಧಿಕಾರಿಗಳು ಕೊಡಗಿಗೆ ಬಂದಾಗ ಅಲ್ಲಿ ಕಂಡದ್ದು ತಮ್ಮ ಊರಿನ ಈ ಹಳೆಯ ವ್ಯವಸ್ಥೆಯ ನೆರಳನ್ನು. ಹಾಲೇರಿ ವಂಶದ ಅರಸರ ಕಾಲದಲ್ಲಿಯೇ ಅಲ್ಲಿ ‘ಜಮ್ಮಾ’ ಎಂಬ ಹಿಡುವಳಿ ಇತ್ತು. ‘ಜನ್ಮ’ ಎಂಬುದರ ತದ್ಭವ ಅದು. ಹುಟ್ಟಿನಿಂದ, ವಂಶಪಾರಂಪರ್ಯವಾಗಿ ಬರುವ ಭೂಮಿ. ಕೊಡವರಲ್ಲದೆ ಗೌಡರು ಮೊದಲಾದ ಇತರ ಸಮುದಾಯಗಳಲ್ಲೂ ಜಮ್ಮಾ ಹಿಡುವಳಿಗಳಿವೆ. 1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯವನ್ನು ವಶಪಡಿಸಿಕೊಂಡ ಕಂಪೆನಿ ಸರಕಾರ ಜಮ್ಮಾ ಪದ್ಧತಿಯನ್ನು ಮುಂದುವರಿಸಿತು. ಸಾಗು ಎಂಬ ಸಾಮಾನ್ಯ ಹಿಡುವಳಿಗೆ 100 ಭಟ್ಟಿಗೆ 10 ರೂಪಾಯಿ ಕಂದಾಯ. ಜಮ್ಮಾಕ್ಕೆ 5 ರೂಪಾಯಿ. (ಭಟ್ಟಿ ಎಂಬುದು ಗದ್ದೆಯ ಹಳೆಯ ಅಳತೆ.) ಉಳಿದರ್ಧವನ್ನು ತೆರಬೇಕಾದ್ದು ಸೇವೆಯ ರೂಪದಲ್ಲಿ. ಕರೆ ಬಂದರೆ ಆಯುಧ ಹಿಡಿದು ಹೊರಡಬೇಕು; ಖಜಾನೆಗೆ ಕಾವಲು ನಿಲ್ಲಬೇಕು; ಗಲಭೆಯಾದರೆ ಅಡಗಿಸಲು ನೆರವಾಗಬೇಕು. ಸರಕಾರದ ಅನುಮತಿಯಿಲ್ಲದೆ ಜಮ್ಮಾ ಭೂಮಿಯನ್ನು ಪರಭಾರೆ ಮಾಡುವಂತಿರಲಿಲ್ಲ.

ಇಂಗ್ಲಿಷ್ ದಫ್ತರದಲ್ಲಿ ಇಂಥವನನ್ನು ‘ಜಮ್ಮಾ ಟೆನ್ಯೂರ್ ಹೋಲ್ಡರ್’ ಎಂದು ಬರೆದರು. ಲ್ಯಾಟಿನ್ನಿನ ಹಿಡಿತವೊಂದು, ಇಂಗ್ಲಿಷಿನ ಹಿಡಿತವೊಂದು, ನಡುವೆ ಜಮ್ಮಾ. ಹಿಡಿದವನು ಯಾರು ಎಂಬುದನ್ನು ಮಾತ್ರ ಆ ಹೆಸರು ಹೇಳಲಿಲ್ಲ. ಕೊಡವರಲ್ಲಿ ಭೂಮಿ ಒಬ್ಬನದಲ್ಲ, ಒಕ್ಕದ್ದು. ಒಬ್ಬ ಮೂಲಪುರುಷನಿಂದ ಬಂದ ಮನೆತನವೇ ಒಕ್ಕ. ಕನ್ನಡದ ‘ಒಕ್ಕಲು’ ಎಂಬ ಮಾತಿನೊಂದಿಗೆ ಇದರ ನೆಂಟಸ್ತಿಕೆ ಕಣ್ಣಿಗೆ ಕಾಣುವಂತಿದೆ. ಐನ್‌ಮನೆ ಅದರ ನೆಲೆ. ದಾಖಲೆಯಲ್ಲಿ ಹೆಸರಿರುವುದು ಪಟ್ಟೆದಾರನದು. ಪಟ್ಟೆಯನ್ನು ಹಿಡಿದಿರುವವನು ಪಟ್ಟೆದಾರನೇ ಹೊರತು ಭೂಮಿಯ ಒಡೆಯನಲ್ಲ. ಅವನು ಒಕ್ಕದ ಪರವಾಗಿ ಕಂದಾಯ ಕಟ್ಟುತ್ತಾನೆ, ಒಕ್ಕದ ಪರವಾಗಿ ಸರಕಾರದ ಮುಂದೆ ನಿಲ್ಲುತ್ತಾನೆ. ಲೆಫ್ಟಿನೆಂಟ್ ಎಂಬ ಪದದ ಮೂಲಾರ್ಥದಂತೆ ಅವನೂ ಇತರರ ಸ್ಥಾನವನ್ನು ಹಿಡಿದಿರುವವನು.

ಭೂಮಿಯ ಜೊತೆಗೆ ಆಯುಧ ಬಂತು. ಮಗು ಹುಟ್ಟಿದಾಗಲೇ ಇದು ಆರಂಭವಾಗುತ್ತದೆ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲೊಂದನ್ನು ಮಾಡಿ, ಎಲೆಯ ದಂಟಿನ ಬಾಣ ಸೇರಿಸಿ ಕೂಸಿನ ಕೈಗೆ ಕೊಡುವುದು, ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ಹಳೆಯ ಪದ್ಧತಿ. ಸಾವಿನ ಮನೆಯಲ್ಲಿ ಎರಡು ಗುಂಡು. ಆ ಸದ್ದು ಕೇಳಿದವರು ಕೆಲಸ ಬಿಟ್ಟು ಹೊರಡುತ್ತಾರೆ. ಮನೆಗಳು ಒಂದಕ್ಕೊಂದು ದೂರವಿದ್ದ ಮಲೆನಾಡಿನಲ್ಲಿ ಕೋವಿ ಬರಿಯ ಆಯುಧವಾಗಿರಲಿಲ್ಲ. ಊರಿನ ಸುದ್ದಿವಾಹಕವೂ ಆಗಿತ್ತು.

1857ರ ದಂಗೆಯ ನಂತರ ಸರಕಾರ ದೇಶದಾದ್ಯಂತ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಮಾಡಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ಘೋಷಿಸಿದರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನ ಕಬ್ಬನ್ ಅವರೇ ಇವರು. ಅದೇ ವರ್ಷ ಅಧಿಕಾರ ಬಿಟ್ಟು ಊರಿಗೆ ಹೊರಟ ಕಬ್ಬನ್ ಏಪ್ರಿಲ್ ತಿಂಗಳಲ್ಲಿ ದಾರಿಯಲ್ಲೇ, ಸೂಯೆಜ್‌ನಲ್ಲಿ, ತೀರಿಕೊಂಡರು. ಅವರು ಕೊಟ್ಟ ವಿನಾಯಿತಿ ಮಾತ್ರ ಬ್ರಿಟಿಷ್ ಸರಕಾರವನ್ನೂ ಮೀರಿ ಬಾಳಿತು.

ಸ್ವಾತಂತ್ರ್ಯಾನಂತರದ 1959ರ ಆಯುಧ ಕಾಯಿದೆಯ ವಾಕ್ಯರಚನೆ ಈ ದೃಷ್ಟಿಯಿಂದ ಕುತೂಹಲಕರವಾಗಿದೆ. ಬಂದೂಕನ್ನು ಸಂಪಾದಿಸುವುದು, ಸ್ವಾಧೀನದಲ್ಲಿ ಇಟ್ಟುಕೊಳ್ಳುವುದು, ಒಯ್ಯುವುದು ಎಂದು ಅದು ಮೂರು ಕ್ರಿಯೆಗಳನ್ನು ಎಣಿಸುತ್ತದೆ. ಪರವಾನಗಿ ಇಲ್ಲದೆ ಈ ಮೂರರಲ್ಲಿ ಯಾವುದನ್ನೂ ಮಾಡಕೂಡದು ಎನ್ನುತ್ತದೆ. ‘ಹೋಲ್ಡ್’ ಎಂಬ ಪದ ಅಲ್ಲಿ ಬರುವುದು ಕೋವಿಗೆ ಅಲ್ಲ, ಪರವಾನಗಿಗೆ. ಅಂದರೆ ಮೊದಲು ಕಾಗದ ಹಿಡಿದವನು ಆಮೇಲೆ ಕೋವಿ ಹಿಡಿಯಬಹುದು. ಈ ನಿಯಮದಿಂದ ಕೊಡಗಿನಲ್ಲಿ ಎರಡು ವರ್ಗಗಳಿಗೆ ವಿನಾಯಿತಿಯಿದೆ. ಒಂದು, ಕೊಡವ ಜನಾಂಗದವರು. ಇನ್ನೊಂದು, ಜಮ್ಮಾ ಹಿಡುವಳಿದಾರರು. ಬೇರೆಯವರು ಕಾಗದ ಹಿಡಿದು ಪಡೆಯುವ ಹಕ್ಕನ್ನು ಜಮ್ಮಾ ಹಿಡುವಳಿದಾರನು ಭೂಮಿ ಹಿಡಿದು ಪಡೆಯುತ್ತಾನೆ. ಹಾಲೇರಿ ಅರಸರ ಕಾಲದ ಒಪ್ಪಂದದ ಕುರುಹು ಒಂದು ಕೇಂದ್ರ ಅಧಿಸೂಚನೆಯ ವಾಕ್ಯದಲ್ಲಿ ಹೀಗೆ ಉಳಿದುಕೊಂಡಿದೆ.

ವಿನಾಯಿತಿ ಎಂದರೆ ಲಂಗುಲಗಾಮಿಲ್ಲದ ಹಕ್ಕು ಎಂದಲ್ಲ. ವಿನಾಯಿತಿ ಪ್ರಮಾಣಪತ್ರ ಪಡೆಯಬೇಕು. ಎಲ್ಲ ಬಗೆಯ ಆಯುಧಗಳಿಗೂ ಅದು ಅನ್ವಯಿಸುವುದಿಲ್ಲ. ಇನ್ನು ‘ಸ್ವಾಧೀನ’ ಎಂಬುದಕ್ಕಾದರೂ ಕೈ ಬೇಕೇ? ಬೇಕಿಲ್ಲ. ಗುಣವಂತಲಾಲ್ ಎಂಬವರ ಪ್ರಕರಣದಲ್ಲಿ 1972ರಲ್ಲಿ ಸುಪ್ರೀಂ ಕೋರ್ಟು ಈ ಪದವನ್ನು ವಿಚಾರ ಮಾಡಿತು. ಬಂದೂಕು ಇನ್ನೊಬ್ಬನ ಬಳಿಯಿದ್ದರೂ ಅದರ ಮೇಲೆ ತಿಳಿದೇ ಇಟ್ಟುಕೊಂಡ ಹತೋಟಿ ಇದ್ದರೆ ಅದೂ ಸ್ವಾಧೀನವೇ ಎಂಬುದು ಅದರ ತಾತ್ಪರ್ಯ. ಕೈಯಲ್ಲಿ ಹಿಡಿಯದೆಯೂ ಹಿಡಿದಿರಬಹುದು.

ಈ ವಿನಾಯಿತಿಯನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. ಜನಾಂಗದ ಹೆಸರಿನಲ್ಲಿ, ಭೂಮಿಯ ಹೆಸರಿನಲ್ಲಿ ಕೊಟ್ಟ ಸವಲತ್ತು ಸಮಾನತೆಯ ಸಂವಿಧಾನಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಪ್ರಶ್ನೆ ಸಣ್ಣದಲ್ಲ, ವಸಾಹತು ಸರಕಾರ ತನಗೆ ನಿಷ್ಠರಾದವರಿಗೆ ಕೊಟ್ಟ ಮನ್ನಣೆ ಗಣರಾಜ್ಯದಲ್ಲಿ ಏಕೆ ಉಳಿಯಬೇಕು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರಿನಲ್ಲಿ ವಿನಾಯಿತಿಯನ್ನು ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್ 31ರವರೆಗೆ, ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ‘ಎತ್ತಿಹಿಡಿ’ ಎಂಬುದೂ ಇಂಗ್ಲಿಷಿನ ‘ಅಪ್‌ಹೋಲ್ಡ್’ನ ನೇರ ಅನುವಾದ. ಕೋವಿ ಹಿಡಿಯುವ ಹಕ್ಕನ್ನು ಕೋರ್ಟು ಎತ್ತಿಹಿಡಿದದ್ದನ್ನು ಬೇರೆ ಮಾತುಗಳಲ್ಲಿ ಹೇಳುವುದು ವರದಿಗಾರರಿಗೆ ಕಷ್ಟವೇ.

ಹಿಡಿಯುವ ಹಕ್ಕಿನಷ್ಟೇ ಕೆಳಗಿಡುವ ಕ್ರಮವೂ ಆ ನಾಡಿನಲ್ಲಿ ಮುಖ್ಯ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬ ಅದನ್ನು ತೋರಿಸುತ್ತದೆ. ಮಳೆಗಾಲದಲ್ಲಿ ನಾಟಿ ಕೆಲಸದ ಭರಾಟೆಯಲ್ಲಿ ಕೋವಿ ಮತ್ತಿತರ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುವುದು ವಾಡಿಕೆಯಾಗಿತ್ತು. ಗದ್ದೆಯಲ್ಲಿ ಕೈಗೆ ಬೇಕಾದ್ದು ನೇಗಿಲು. ನಾಟಿ ಮುಗಿದ ಮೇಲೆ ಹಬ್ಬದ ದಿನ ಆಯುಧಗಳನ್ನು ಶುಚಿ ಮಾಡಿ, ಗಂಧವಿಟ್ಟು, ಕೋವಿಯ ನಳಿಗೆಗೆ ‘ತೋಕ್ ಪೂ’ ಸಿಕ್ಕಿಸಿ ಪೂಜಿಸುತ್ತಾರೆ. ‘ತೋಕ್’ ಎಂದರೆ ಕೋವಿ. ಕೆಂಪು-ಹಳದಿ ದಳಗಳ ಈ ಹೂ ಬಯಲಿನವರು ಅಗ್ನಿಶಿಖೆ ಎಂದು ಕರೆಯುವ ಬಳ್ಳಿಯದು. ಕೊಡಗಿನ ಬೇಲಿಗಳಲ್ಲಿ ಸರಿಯಾಗಿ ಆ ಹೊತ್ತಿಗೆ ಅರಳುತ್ತದೆ. ಪೂಜೆಯ ನಂತರ ಕಡಂಬುಟ್ಟು, ಪಂದಿಕರಿಯ ಊಟ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಆಯುಧ ಕೈಗೆ ಮರಳುವುದು ದುಡಿಮೆ ಮುಗಿದ ಮೇಲೆ, ಹಿರಿಯರ ಎದುರಿನಲ್ಲಿ, ಪೂಜೆಯ ಮೂಲಕ.

ಕೋವಿಗಿಂತಲೂ ಹೆಚ್ಚು ತಲೆಬಿಸಿ ತಂದಿರುವುದು ಬಾಣೆ. ಜಮ್ಮಾ ಗದ್ದೆಗೆ ಹೊಂದಿಕೊಂಡ ಎತ್ತರದ ಕಾಡುಭೂಮಿಗೆ ಈ ಹೆಸರು. ಗದ್ದೆಗೆ ಸೊಪ್ಪಿನ ಗೊಬ್ಬರ, ಒಲೆಗೆ ಸೌದೆ, ದನಕ್ಕೆ ಮೇವು ಒದಗಿಸಲೆಂದು ಅದನ್ನು ಗದ್ದೆಯ ಜೊತೆ ಬಿಟ್ಟದ್ದು. ಅದಕ್ಕೆ ಬೇರೆ ಕಂದಾಯವಿರಲಿಲ್ಲ. ‘ಹೋಲ್ಡ್’ ಎಂಬುದರ ಮೊದಲ ಅರ್ಥ ದನ ಮೇಯಿಸುವುದು ಎಂದದ್ದನ್ನು ಇಲ್ಲಿ ನೆನೆಯಬೇಕು. ಬಾಣೆಯನ್ನು ಜನ ‘ಹಿಡಿದಿದ್ದುದು’ ಅಕ್ಷರಶಃ ಆ ಅರ್ಥದಲ್ಲಿ. ಮೇಯಿಸುವ ಕಾಲ ಇದ್ದಷ್ಟು ದಿನ ಒಡೆಯ ಯಾರೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

1854ರಲ್ಲಿ ಜಾನ್ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಕಾಫಿ ತೋಟ ಆರಂಭಿಸಿದ ಮೇಲೆ ಲೆಕ್ಕ ಬದಲಾಯಿತು. ಕಾಫಿಗೆ ನೆರಳು ಬೇಕು, ಬಾಣೆಯಲ್ಲಿ ಮರಗಳಿವೆ. ಸ್ಥಳೀಯರೂ ಬಾಣೆಗಳಲ್ಲಿ ಕಾಫಿ ಹಾಕತೊಡಗಿದರು. ಸೊಪ್ಪು ಸೌದೆಯ ಜಾಗ ಹಣದ ಬೆಳೆಯ ಜಾಗವಾಯಿತು. ಆಗ ಹುಟ್ಟಿದವು ಪ್ರಶ್ನೆಗಳು: ಮರ ಯಾರದು? ನೆಲ ಯಾರದು? ಕೊಡಗಿಗೆಂದೇ ಮಾಡಿದ 1899ರ ಭೂಕಂದಾಯ ರೆಗ್ಯುಲೇಷನ್ ಈ ವಿಶೇಷ ಹಿಡುವಳಿಗಳನ್ನು ಕಾಗದಕ್ಕೆ ಇಳಿಸಿತು. ಮರದ ಬೆಲೆಯನ್ನು ಸರಕಾರಕ್ಕೆ ತೆತ್ತು ಬಿಡಿಸಿಕೊಂಡ ಬಾಣೆ ಒಂದು ಬಗೆ, ಬಿಡಿಸಿಕೊಳ್ಳದ್ದು ಇನ್ನೊಂದು. ‘ರಿಡೀಮ್ ಆಗಿದೆಯೇ?’ ಎಂಬುದು ಇವತ್ತಿಗೂ ಕೊಡಗಿನ ಮನೆಮಾತು.

1956ರ ನವೆಂಬರ್ 1ರಂದು ಕೊಡಗು ರಾಜ್ಯ ವಿಶಾಲ ಮೈಸೂರಿನಲ್ಲಿ ಸೇರಿತು. ಮುಂದೆ 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ಪರಿಭಾಷೆ ತಂದಿತು. ಅದು ‘ಹೋಲ್ಡ್’ ಎಂಬ ಕ್ರಿಯಾಪದಕ್ಕೇ ವ್ಯಾಖ್ಯೆ ಕೊಡುತ್ತದೆ: ಭೂಮಿ ಹಿಡಿದಿರುವುದೆಂದರೆ ಕಾನೂನುಬದ್ಧವಾಗಿ ಅದರ ಸ್ವಾಧೀನದಲ್ಲಿರುವುದು, ಆ ಸ್ವಾಧೀನ ವಾಸ್ತವದಲ್ಲಿ ಇರಲಿ, ಇಲ್ಲದಿರಲಿ. 1879ರ ಮುಂಬಯಿ ಕಂದಾಯ ಸಂಹಿತೆಯಿಂದ ಹರಿದು ಬಂದ ಮಾತು ಇದು. ಕೈಯಿಲ್ಲದ ಹಿಡಿತವನ್ನು ಶಾಸನವೇ ಒಪ್ಪಿದಂತಾಯಿತು. ಆದರೆ ‘ಒಡೆಯ’ ಎಂಬ ಪದ ಅದರಲ್ಲಿಲ್ಲ.

ಅಲ್ಲಿಂದ ಮುಂದಿನದು ಒಂದು ಕ್ರಿಯಾಪದದ ಮೇಲಿನ ಜಗ್ಗಾಟ. ಸರಕಾರದ ಕಡೆಯವರು ಹೇಳುವಂತೆ, ಬಾಣೆಯನ್ನು ಕೊಟ್ಟದ್ದು ಗದ್ದೆಯ ಅನುಕೂಲಕ್ಕೆ. ಹಿಡಿದವರಿಗೆ ಇರುವುದು ಅನುಭೋಗ ಮಾತ್ರ. ಹಿಡುವಳಿದಾರರು ಹೇಳುವಂತೆ, ತಲೆಮಾರುಗಳಿಂದ ಹಿಡಿದು, ನೆಟ್ಟು, ಕಾಯ್ದು, ಕಂದಾಯ ತೆತ್ತದ್ದು ಒಡೆತನವಲ್ಲದೆ ಇನ್ನೇನು? ಚೆಕ್ಕೇರ ಪೂವ್ಯಯ್ಯ ಅವರ ಪ್ರಕರಣದಲ್ಲಿ 1993ರಲ್ಲಿ ಇದು ಹೈಕೋರ್ಟಿನ ಪೂರ್ಣಪೀಠದವರೆಗೂ ಹೋಯಿತು. ಅಷ್ಟಕ್ಕೂ ಸಂದೇಹ ಮುಗಿಯದೆ 2011ರಲ್ಲಿ ವಿಧಾನಮಂಡಲ ಜಮ್ಮಾ ಬಾಣೆಯನ್ನು ಕುರಿತು ಕಂದಾಯ ಕಾಯಿದೆಗೇ ತಿದ್ದುಪಡಿ ತರಬೇಕಾಯಿತು; ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಎರಡು ವರ್ಷಗಳ ನಂತರ.

ಇದರ ಬಿಸಿ ತಟ್ಟುವುದು ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ. ಬೆಳೆಗಾರ ಸಾಲಕ್ಕೆಂದು ಬ್ಯಾಂಕಿಗೆ ಹೋಗುತ್ತಾನೆ. ಬ್ಯಾಂಕು ಪಹಣಿ ಕೇಳುತ್ತದೆ. ಪಹಣಿಯಲ್ಲಿ ಪಟ್ಟೆದಾರನ ಹೆಸರಿದೆ; ಆತ ಎಂದೋ ತೀರಿಕೊಂಡ ಅಜ್ಜನ ಅಣ್ಣನಾಗಿರಬಹುದು. ಸಾಲ ಕೇಳುವವನು ತೋಟದಲ್ಲಿ ಮೂವತ್ತು ವರ್ಷ ಮಣ್ಣು ಮುಟ್ಟಿದವನು, ಕಾಗದದಲ್ಲಿ ಅವನಿಲ್ಲ. ಕಾಗದದಲ್ಲಿರುವವನು ಭೂಮಿಯ ಮೇಲಿಲ್ಲ. ಸ್ವಾಧೀನ ವಾಸ್ತವವಾಗಿರಲಿ, ಇಲ್ಲದಿರಲಿ ಎಂಬ ಶಾಸನದ ಮಾತು ಇಷ್ಟು ಅಕ್ಷರಶಃ ನಿಜವಾಗುವ ಜಾಗ ಬೇರೆ ಇರಲಾರದು. ಪಾಲುದಾರರೆಲ್ಲರ ಹೆಸರನ್ನೂ ದಾಖಲೆಗೆ ಏರಿಸಬೇಕೆಂಬುದು ಒಂದು ಪಕ್ಷ. ಹಾಗೆ ಏರಿಸಿದರೆ ಒಬ್ಬೊಬ್ಬರೂ ತಮ್ಮ ಪಾಲನ್ನು ಮಾರಿ, ಒಕ್ಕ ಒಟ್ಟಾಗಿ ಹಿಡಿದದ್ದು ಹಿಡಿಹಿಡಿಯಾಗಿ ಚದುರಿಹೋದೀತೆಂಬ ಭಯ ಇನ್ನೊಂದು ಪಕ್ಷಕ್ಕೆ. ಎರಡೂ ಮಾತುಗಳು ಒಂದೇ ಐನ್‌ಮನೆಯ ಜಗಲಿಯ ಮೇಲೆ, ಅಣ್ಣತಮ್ಮಂದಿರ ನಡುವೆಯೇ ಕೇಳಿಬರುವುದುಂಟು.

ಅರ್ಜಿಯ ನಮೂನೆಯಲ್ಲಿ ‘ಹಿಡುವಳಿದಾರರ ಹೆಸರು’ ಎಂದು ಒಂದು ಗೆರೆ ಬಿಟ್ಟಿರುತ್ತದೆ. ಕೊಡವರು ಹೆಸರು ಬರೆಯುವಾಗ ಒಕ್ಕದ ಹೆಸರು ಮೊದಲು, ತಮ್ಮ ಹೆಸರು ಆಮೇಲೆ. ಗೆರೆ ಚಿಕ್ಕದಾಗಿದ್ದರೆ ಒಕ್ಕದ ಹೆಸರು ಬರೆಯುವಷ್ಟಕ್ಕೇ ಅದು ಮುಗಿದುಹೋಗುತ್ತದೆ.